ತೋಟದ ಜೊತೆ ಪರವಾನಗಿ ಇಲ್ಲದ ಕಾಟೇಜು: ಕೊಳ್ಳಬಹುದಾ?

ಪ್ರಶ್ನೆ: ನಾವು ಬೆಂಗಳೂರಿನಲ್ಲಿ ಕೆಲಸ ಮಾಡುವ ಗಂಡ-ಹೆಂಡತಿ. ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ 2 ಎಕರೆ 10 ಗುಂಟೆ ಕಾಫಿ ತೋಟ ನೋಡಿದ್ದೇವೆ. ಹಳ್ಳದ ಪಕ್ಕದಲ್ಲಿ ಸುಮಾರು 700 ಚದರಡಿಯ ಮರದ ಕಾಟೇಜು ಇದೆ. ಪರವಾನಗಿ ತೆಗೆದುಕೊಂಡಿಲ್ಲ ಎಂದು ಮಾರುವವರೇ ಒಪ್ಪುತ್ತಾರೆ. "ಇಲ್ಲಿ ಯಾರೂ ತಗೊಳ್ಳಲ್ಲ. ಪಂಚಾಯಿತಿಗೆ ಕಂದಾಯ ಕಟ್ತಾ ಇದೀವಿ, ಕರೆಂಟಿದೆ. ಆಮೇಲೆ ಸಕ್ರಮ ಮಾಡಿಸ್ಕೊಳ್ಳಿ" ಅನ್ನುತ್ತಾರೆ. ಜಮೀನಿನ ಬೆಲೆ ಬಿಟ್ಟು ಕಾಟೇಜಿಗೇ 18 ಲಕ್ಷ ಕೇಳುತ್ತಿದ್ದಾರೆ. ರಜೆಯಲ್ಲಿ ನಾವು ಹೋಗಿ ಇದ್ದು, ಉಳಿದ ದಿನ ಬಾಡಿಗೆಗೆ ಕೊಡುವ ಯೋಚನೆ. ಮುಂದುವರಿಯಬಹುದಾ?

ಉತ್ತರ: ಕಾಟೇಜಿನ ತಪ್ಪು ತುಂಬಾ ಸಣ್ಣದಿರಬಹುದು. ಇಡೀ ವ್ಯವಹಾರವನ್ನೇ ಬಿಡಬೇಕಾದಷ್ಟು ದೊಡ್ಡದೂ ಇರಬಹುದು. ಪರವಾನಗಿ ಇಲ್ಲ ಅನ್ನುವ ಒಂದೇ ಮಾತಿನಿಂದ ಅದು ಗೊತ್ತಾಗುವುದಿಲ್ಲ. ಹೀಗೆ ಕೇಳಿಕೊಳ್ಳಿ: ಇದೇ ಜಾಗದಲ್ಲಿ ಇದೇ ಕಾಟೇಜು ಕಟ್ಟುತ್ತೇನೆ ಎಂದು ಇವತ್ತು ಅರ್ಜಿ ಹಾಕಿದರೆ ಪರವಾನಗಿ ಸಿಗುತ್ತದಾ? ಸಿಗುವಂತಿದ್ದರೆ ಉಳಿದಿರುವುದು ಕಾಗದದ ಕೆಲಸ. ಸಿಗುವಂತಿಲ್ಲ ಅಂದರೆ 18 ಲಕ್ಷ ಕೊಟ್ಟು ನೀವು ಕೊಳ್ಳುತ್ತಿರುವುದು ಕೆಡವುವ ಖರ್ಚನ್ನು. ಕೊಂಡ ಮೇಲೆ ಕಟ್ಟಿದವರು ಯಾರು ಎಂದು ಯಾರೂ ಕೇಳುವುದಿಲ್ಲ. ನೋಟಿಸು ಬರುವುದು ಪಹಣಿಯಲ್ಲಿ ಹೆಸರಿರುವವರಿಗೆ.

ನೀವು ಕೃಷಿಕರಲ್ಲ ಅನ್ನುವ ಚಿಂತೆ ಈಗ ಬೇಡ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆಯುತ್ತಿದ್ದ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ, 79ಸಿ ಕಲಂಗಳು 2020ರ ತಿದ್ದುಪಡಿಯಲ್ಲಿ ಹೋದವು. ಆದಾಯದ ಮಿತಿಯೂ ಹೋಯಿತು. ನೀವು ಕೊಳ್ಳಬಹುದು.

ಇನ್ನು ತೋಟದಲ್ಲಿ ಮನೆ ಕಟ್ಟುವ ವಿಷಯ. ಇಲ್ಲಿ ಎರಡು ಅನುಮತಿಗಳನ್ನು ಜನ ಒಂದೇ ಅಂದುಕೊಂಡುಬಿಡುತ್ತಾರೆ. ಒಂದು ಭೂ ಪರಿವರ್ತನೆ, ಅಂದರೆ ಕೃಷಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸಲು ಜಿಲ್ಲಾಧಿಕಾರಿ ಕೊಡುವ ಅನುಮತಿ. ಇನ್ನೊಂದು ಕಟ್ಟಡ ಕಟ್ಟಲು ಗ್ರಾಮ ಪಂಚಾಯಿತಿ ಕೊಡುವ ಪರವಾನಗಿ. ಭೂ ಕಂದಾಯ ಕಾಯ್ದೆ 1964ರ 95ನೇ ಕಲಂ ಪ್ರಕಾರ, ತೋಟದ ಮನೆ ಜಮೀನಿನ ಶೇ 10ಕ್ಕಿಂತ ಹೆಚ್ಚಿಲ್ಲದಿದ್ದರೆ ಪರಿವರ್ತನೆ ಬೇಕಿಲ್ಲ. ಅದರ ಮೇಲೆ ನಿಯಮದಲ್ಲಿ ಗರಿಷ್ಠ ಮಿತಿ ಹಾಕಲೂ ಸರ್ಕಾರಕ್ಕೆ ಅವಕಾಶವಿದೆ. ನಿಮ್ಮ 2 ಎಕರೆ 10 ಗುಂಟೆ ಅಂದರೆ 90 ಗುಂಟೆ. ಅದರ ಹತ್ತನೇ ಒಂದು ಪಾಲು 9 ಗುಂಟೆ, ಅಂದರೆ 9,801 ಚದರಡಿ. 700 ಚದರಡಿಯ ಕಾಟೇಜು ಅದರೊಳಗೆ ಆರಾಮವಾಗಿ ಕೂರುತ್ತದೆ. ಅಳತೆಯ ಲೆಕ್ಕದಲ್ಲಿ ನೀವು ಪಾಸು.

ಆದರೆ ಅದೇ ಕಲಂ ತೋಟದ ಮನೆ ಅಂದರೆ ಏನು ಅಂತಲೂ ಹೇಳುತ್ತದೆ. ವಾಸಕ್ಕೆ, ಕೃಷಿ ಸಲಕರಣೆ ಇಡಲು, ದನ ಕಟ್ಟಲು ಬಳಸುವ ಮನೆ ಅದು. ರೈತ ಸ್ವಂತಕ್ಕೆ ಬಳಸಬೇಕು. ವಾಣಿಜ್ಯ ಚಟುವಟಿಕೆಗೆ ಯಾರಿಗೂ ಬಾಡಿಗೆಗೆ ಕೊಡುವಂತಿಲ್ಲ. ನಿಮ್ಮ ಪತ್ರದ ಕೊನೆಯ ಸಾಲು ಸಿಕ್ಕಿಕೊಳ್ಳುವುದು ಇಲ್ಲಿ. ನೀವು ಬಂದು ಹೋಗುವವರೆಗೆ ಅದು ತೋಟದ ಮನೆ. ಆನ್‌ಲೈನಿನಲ್ಲಿ ಫೋಟೊ ಹಾಕಿ ರಾತ್ರಿಗೆ ಇಷ್ಟು ಅಂತ ಬಾಡಿಗೆಗೆ ಕೊಟ್ಟ ದಿನ ಪರಿವರ್ತನೆಯ ವಿನಾಯಿತಿ ಹೋಯಿತು. ಆಗ 96ನೇ ಕಲಂ ಪ್ರಕಾರ ದಂಡಕ್ಕೂ ತೆರವಿಗೂ ದಾರಿ ತೆರೆಯುತ್ತದೆ. "ಹೋಂಸ್ಟೇ ಅಂತ ಮಾಡ್ಕೋಬಹುದಲ್ವಾ?" ಎಂದು ಬಹಳ ಜನ ಕೇಳುತ್ತಾರೆ. ಹೋಂಸ್ಟೇಗೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಬೇಕು. ಮನೆಯವರು ಇರುವ ಮನೆಯಲ್ಲಿ ಕೆಲವು ಕೋಣೆಗಳನ್ನು ಅತಿಥಿಗಳಿಗೆ ಕೊಡುವುದು ಅದರ ಕಲ್ಪನೆ. ಮಾಲೀಕರು ಬೆಂಗಳೂರಿನಲ್ಲಿದ್ದು, ಬೀಗದ ಕೈ ತೋಟದ ಮೇಸ್ತ್ರಿ ಹತ್ತಿರ ಇರುವ ಖಾಲಿ ಕಾಟೇಜನ್ನು ಹಾಗೆ ಕರೆಯುವುದು ಕಷ್ಟ. ಬಾಡಿಗೆಯ ಆದಾಯ ನಂಬಿ ಸಾಲದ ಕಂತಿನ ಲೆಕ್ಕ ಹಾಕಿದ್ದರೆ ಆ ಹಾಳೆಯನ್ನು ಪಕ್ಕಕ್ಕಿಡಿ.

ಸಾಲ ಅಂದೆ, ಅದನ್ನೂ ಹೇಳಿಬಿಡುತ್ತೇನೆ. ಪರಿವರ್ತನೆಯಾಗದ ಕೃಷಿ ಜಮೀನಿನ ಮೇಲೆ ಗೃಹ ಸಾಲ ಸಾಮಾನ್ಯವಾಗಿ ಸಿಗುವುದಿಲ್ಲ. ಪರವಾನಗಿ ಇಲ್ಲದ ಕಟ್ಟಡಕ್ಕೆ ಇನ್ನೂ ಕಷ್ಟ. ಮೀರತ್‌ನ ಒಂದು ಅಕ್ರಮ ಕಟ್ಟಡದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ಖಡಾಖಂಡಿತವಾಗಿ ಹೇಳಿತು: ವರ್ಷ ಎಷ್ಟೇ ಕಳೆದಿರಲಿ, ದುಡ್ಡು ಎಷ್ಟೇ ಸುರಿದಿರಲಿ, ಅಧಿಕಾರಿಗಳು ಸುಮ್ಮನಿದ್ದಿರಲಿ, ಅಕ್ರಮ ಸಕ್ರಮವಾಗುವುದಿಲ್ಲ. ಬ್ಯಾಂಕುಗಳು ಪೂರ್ಣತಾ ಪತ್ರ ಅಥವಾ ಸ್ವಾಧೀನ ಪತ್ರ ನೋಡಿಯೇ ಸಾಲ ಕೊಡಬೇಕು ಎಂದೂ ಹೇಳಿತು. "ಇಷ್ಟು ವರ್ಷ ಯಾರೂ ಕೇಳಿಲ್ಲ" ಅನ್ನುವ ಮಾತಿಗೆ ಇನ್ನು ಬೆಲೆ ಇಲ್ಲ.

ಪಂಚಾಯಿತಿ ಪರವಾನಗಿಗೆ ಬರೋಣ. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ ಪ್ರಕಾರ ಕಟ್ಟುವ ಮೊದಲು ಗ್ರಾಮ ಪಂಚಾಯಿತಿಯ ಅನುಮತಿ ಬೇಕು. ಮರದ್ದು, ಕಂಟೇನರ್, ಕಿತ್ತು ಸಾಗಿಸಬಹುದು ಅನ್ನುವ ವಾದವನ್ನು ನಂಬಿ ಕೂರಬೇಡಿ. ಕಾಯ್ದೆಯ ಲೆಕ್ಕದಲ್ಲಿ ಶೆಡ್ಡು, ಗುಡಿಸಲೂ ಕಟ್ಟಡವೇ. ಕಂದಾಯ ಕಟ್ಟಿದ ರಸೀದಿ ಪರವಾನಗಿ ಆಗುವುದಿಲ್ಲ. ಕಟ್ಟಡ ಇದೆ ಅಂದರೆ ಪಂಚಾಯಿತಿ ತೆರಿಗೆ ಹಾಕುತ್ತದೆ, ಅದು ಸರಿಯೋ ತಪ್ಪೋ ಅನ್ನುವುದು ಬೇರೆ ಕಡತ. ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ ತೆಗೆದ ನಮೂನೆ 11ಬಿ ತೋರಿಸಿದರೂ ಇದೇ ಮಾತು. ಹಾಗಂತ ಹೆದರುವಂಥದ್ದೂ ಇಲ್ಲ. ಜಾಗ ಸರಿಯಿದ್ದು, ಅಳತೆ ಮಿತಿಯೊಳಗಿದ್ದು, ಸ್ವಂತ ಬಳಕೆಗೆ ಅಂದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ನಕ್ಷೆ, ಪಹಣಿ ಕೊಟ್ಟು ದಂಡ ಕಟ್ಟಿ ಕ್ರಮಬದ್ಧ ಮಾಡಿಸಿಕೊಳ್ಳಲು ಪ್ರಯತ್ನಿಸಬಹುದು. ಒಂದೇ ಷರತ್ತು, ಈ ಓಡಾಟ ಮಾರುವವರ ಹೆಸರಿನಲ್ಲಿ, ಕ್ರಯಕ್ಕೆ ಮೊದಲೇ ಆಗಬೇಕು.

ಜಾಗ ಸರಿಯಿದ್ದರೆ ಅಂದೆ. ನಿಮ್ಮ ಪತ್ರದಲ್ಲಿ ನನಗೆ ಕಿರಿಕಿರಿ ಮಾಡಿದ್ದು ಪರವಾನಗಿಯ ಮಾತಲ್ಲ, "ಹಳ್ಳದ ಪಕ್ಕ" ಅನ್ನುವ ಮಾತು.

ಪಹಣಿಯ ಮೂರನೇ ಕಾಲಂ ನೋಡಿ. ಒಟ್ಟು ವಿಸ್ತೀರ್ಣ ಇರುತ್ತದೆ, ಅದರ ಕೆಳಗೆ ಖರಾಬು ಎಷ್ಟು ಅಂತ ಇರುತ್ತದೆ. ಅ-ಖರಾಬು ಅಂದರೆ ಬಂಡೆ, ಕೃಷಿಗೆ ಬಾರದ ನೆಲ. ಅದು ಮಾಲೀಕರದ್ದೇ. ಬ-ಖರಾಬು ಅಂದರೆ ಹಳ್ಳ, ದಾರಿ, ಸ್ಮಶಾನ, ಊರಿನ ಬಳಕೆಯ ಜಾಗ. ಅದು ಸರ್ವೆ ನಂಬರಿನ ಒಳಗೇ ಇದ್ದರೂ ಮಾಲೀಕರದ್ದಲ್ಲ. ಕಾಟೇಜು ಕಟ್ಟುವವರಿಗೆ ಹಳ್ಳದ ದಂಡೆಯೇ ಬೇಕು. ನೀರಿನ ಸದ್ದು ಕೇಳಬೇಕು, ಫೋಟೊ ಚೆನ್ನಾಗಿ ಬರಬೇಕು. ಹಾಗಾಗಿ ಮಲೆನಾಡಿನಲ್ಲಿ ಇಂಥ ಕಾಟೇಜುಗಳ ಒಂದು ಮೂಲೆಯೋ ಡೆಕ್ಕೋ ಬ-ಖರಾಬಿನ ಮೇಲೆ ಕೂತಿರುವುದು ಅಪರೂಪವೇನಲ್ಲ. ಆಗ ಪಂಚಾಯಿತಿಗೆ ದಂಡ ಕಟ್ಟಿ ಮುಗಿಸುವ ಪ್ರಶ್ನೆಯೇ ಇಲ್ಲ. ಸರ್ಕಾರಿ ಜಮೀನಿನ ಒತ್ತುವರಿ ಆಯಿತು. 2011ರ ಭೂ ಕಬಳಿಕೆ ನಿಷೇಧ ಕಾಯ್ದೆ ಇದೆ, ಅದಕ್ಕೆ ವಿಶೇಷ ನ್ಯಾಯಾಲಯವೂ ಇದೆ.

ಇದನ್ನು ಪಹಣಿ ಹೇಳುವುದಿಲ್ಲ. ಪಹಣಿಯಲ್ಲಿ ಹಳ್ಳದ ವಿಸ್ತೀರ್ಣ ಇರುತ್ತದೆ, ಹಳ್ಳ ಎಲ್ಲಿದೆ ಅಂತ ಇರುವುದಿಲ್ಲ. ಕಾಟೇಜೂ ಅದರಲ್ಲಿ ಕಾಣುವುದಿಲ್ಲ. ಅದಕ್ಕೇ ಹದ್ದುಬಸ್ತು, ಅಂದರೆ ಸರ್ಕಾರಿ ಸರ್ವೆಯರ್ ಗಡಿ ಗುರುತಿಸುವ ಅಳತೆ ಬೇಕು. ಮಾರುವವರು ಸರ್ವೆ ಇಲಾಖೆಯ ಮೋಜಿಣಿ ವ್ಯವಸ್ಥೆಯಲ್ಲಿ ಅರ್ಜಿ ಹಾಕಬೇಕು, ಸುತ್ತಮುತ್ತಲಿನ ಹಿಡುವಳಿದಾರರಿಗೆ ನೋಟಿಸು ಹೋಗಬೇಕು, ಸರ್ವೆಯರ್ ಟಿಪ್ಪಣಿ (ಮೂಲ ಸರ್ವೆಯ ಅಳತೆ ದಾಖಲೆ) ಹಿಡಿದು ಬಂದು ಗಡಿ ತೋರಿಸಬೇಕು. ಆ ದಿನ ನೀವು ಅಲ್ಲಿರಿ. ಕಾಟೇಜಿನ ನಾಲ್ಕು ಮೂಲೆ, ಟಾಯ್ಲೆಟ್ ಗುಂಡಿ, ಬಾವಿ ಅಥವಾ ಬೋರು, ಗೇಟು, ಬರುವ ದಾರಿ ಎಲ್ಲವನ್ನೂ ನಕ್ಷೆಯಲ್ಲಿ ಗುರುತು ಮಾಡಿಕೊಡಿ ಎಂದು ಕೇಳಿ. ಖಾಸಗಿ ಎಂಜಿನಿಯರ್ ಜಿಪಿಎಸ್ ಹಿಡಿದು ಮಾಡಿದ ಸರ್ವೆ ನಿಮ್ಮ ಸಮಾಧಾನಕ್ಕೆ ಚೆನ್ನ, ತಹಶೀಲ್ದಾರ್ ಎದುರು ನಿಲ್ಲುವುದಿಲ್ಲ. ನೀವು ಕೊಳ್ಳುವುದು ದೊಡ್ಡ ಸರ್ವೆ ನಂಬರಿನ ಒಂದು ತುಂಡಾಗಿದ್ದರೆ, ಆ ತುಂಡನ್ನು ಅಳೆದು ಸರ್ವೆ ಇಲಾಖೆ ಕೊಡುವ 11ಇ ನಕ್ಷೆ ಇಲ್ಲದೆ ನೋಂದಣಿಯೇ ಆಗುವುದಿಲ್ಲ. ಅಲ್ಲೂ ನಿಮ್ಮ ತುಂಡಿನೊಳಗೆ ಕಾಟೇಜು ಪೂರ್ತಿ ಬಂದಿದೆಯೇ ನೋಡಿ. ನಾಲ್ವರು ಅಣ್ಣತಮ್ಮಂದಿರ ಪಾಲಿನ ತೋಟದಲ್ಲಿ ಒಬ್ಬರ ಮನೆ ಇನ್ನೊಬ್ಬರ ಪಾಲಿನಲ್ಲಿರುವುದು ಪೋಡಿ ಮಾಡುವಾಗಲೇ, ಅಂದರೆ ಸರ್ವೆ ನಂಬರನ್ನು ಅಳೆದು ಪಾಲು ಬೇರ್ಪಡಿಸುವಾಗಲೇ, ಬೆಳಕಿಗೆ ಬರುವುದು.

ದಾರಿಯ ವಿಷಯ ಮರೆಯಬೇಡಿ. ಗ್ರಾಮ ನಕಾಶೆಯಲ್ಲಿ ಬಂಡಿದಾರಿ ಇದ್ದರೆ ಸರಿ. ಇಲ್ಲದಿದ್ದರೆ ಪಕ್ಕದ ತೋಟದವರ ಒಳ್ಳೆಯತನದ ಮೇಲೆ ನಿಮ್ಮ ಕಾರು ಓಡುತ್ತಿರುತ್ತದೆ. ಜಮೀನು ಕೈಬದಲಾದ ಮೇಲೆ ಆ ಒಳ್ಳೆಯತನ ಎಷ್ಟು ದಿನ ಇರುತ್ತದೋ. ದಾರಿಯ ಹಕ್ಕನ್ನು ಬರೆಸಿ ನೋಂದಣಿ ಮಾಡಿಸಿ.

ಅರಣ್ಯದ್ದು ಇನ್ನೊಂದು ತೊಡಕು. ಪಹಣಿಯಲ್ಲಿ ಖಾಸಗಿ ಹೆಸರಿದ್ದು, ಅದೇ ಸರ್ವೆ ನಂಬರು 1963ರ ಕರ್ನಾಟಕ ಅರಣ್ಯ ಕಾಯ್ದೆಯ 4ನೇ ಕಲಂ ಅಧಿಸೂಚನೆಯಲ್ಲೂ (ಮೀಸಲು ಅರಣ್ಯ ಮಾಡುವ ಉದ್ದೇಶ ಸಾರುವ ಅಧಿಸೂಚನೆ) ಇರುವ ಜಾಗಗಳು ಮಲೆನಾಡಿನಲ್ಲಿ ಬೇಕಾದಷ್ಟಿವೆ. ಅಧಿಸೂಚನೆ ಆಗದಿದ್ದರೂ ಅರಣ್ಯ ಎಂದು ಪರಿಗಣಿಸಿದ ಡೀಮ್ಡ್ ಅರಣ್ಯದ ಪಟ್ಟಿಯೂ ಬೇರೆ ಇದೆ. ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಸರ್ವೆ ನಂಬರು ಕೊಟ್ಟು ಲಿಖಿತವಾಗಿ ಕೇಳಿ. ಬಾಯಿಮಾತಿನ "ಏನೂ ಇಲ್ಲ ಸಾರ್" ಸಾಲದು. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯ ಬಗ್ಗೆ ಬಹಳ ಜನ ಗಾಬರಿಯಾಗುತ್ತಾರೆ. 2024ರ ಜುಲೈ ಕರಡಿನಲ್ಲಿರುವ ಕಟ್ಟಡ ನಿಷೇಧ 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಯೋಜನೆಗಳಿಗೆ. ನಿಮ್ಮ ಕಾಟೇಜಿಗೆ ತೊಂದರೆ ಕೊಡುವುದು ಅದಲ್ಲ, 4ನೇ ಕಲಂ.

ಮರದ ಕಾಟೇಜು ಅಂದಿರಿ. ಯಾವ ಮರ? ಎಲ್ಲಿಂದ ಬಂತು? ಬೀಟೆಯಂಥ ಮರ ಸ್ವಂತ ತೋಟದಲ್ಲಿದ್ದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ಕಂಬ, ತೊಲೆ ಅದರದ್ದೇ ಆಗಿದ್ದು ಬಿಲ್ಲೂ ಇಲ್ಲ, ಸಾಗಣೆ ಪರವಾನಗಿಯೂ ಇಲ್ಲ ಅಂದರೆ ಕಟ್ಟಡದ ಜೊತೆಗೆ ಒಂದು ಅರಣ್ಯ ಮೊಕದ್ದಮೆಯನ್ನೂ ಕೊಂಡ ಹಾಗೆ. ಸಾಮಿಲ್ಲಿನ ಬಿಲ್ಲು ಕೇಳಿ. ಸಿಲ್ವರ್ ಓಕಿನದ್ದೋ ಅಕೇಶಿಯದ್ದೋ ಆಗಿದ್ದರೆ ಈ ತಲೆನೋವು ಕಡಿಮೆ, ಬಿಲ್ಲು ಕೇಳುವುದು ಮಾತ್ರ ತಪ್ಪಬಾರದು.

ಕರೆಂಟು ಇದೆ ಅನ್ನುವುದು ಸಾಕಾಗುವುದಿಲ್ಲ. ಮೀಟರ್ ಬೋರ್ಡಿನ ಹತ್ತಿರ ಹೋಗಿ ಆರ್‌ಆರ್ ನಂಬರು (ಸಂಪರ್ಕದ ಸಂಖ್ಯೆ) ಬರೆದುಕೊಂಡು, ಅದು ಮನೆಯ ಸಂಪರ್ಕವೋ ನೀರಾವರಿ ಪಂಪ್‌ಸೆಟ್ಟಿನದ್ದೋ ಎಂದು ವಿದ್ಯುತ್ ಕಂಪನಿ ಸೆಸ್ಕ್‌ನ ಕಚೇರಿಯಲ್ಲಿ ಕೇಳಿ. ಪಂಪ್‌ಸೆಟ್ಟಿನ ಸಂಪರ್ಕ ನೀರಾವರಿಗೆ ಮಾತ್ರ. ಆ ಲೈನಿನಿಂದ ಕಾಟೇಜಿಗೆ ಗೀಸರ್ ಓಡಿಸುತ್ತಿದ್ದರೆ ಅದು 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಪ್ರಕಾರ ಅನಧಿಕೃತ ಬಳಕೆ. ದಂಡ ದುಬಾರಿ.

ಈಗ "ಆಮೇಲೆ ಸಕ್ರಮ ಮಾಡಿಸ್ಕೊಳ್ಳಿ" ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡೋಣ. ನಮ್ಮಲ್ಲಿ ಸಕ್ರಮ ಅಂದರೆ ಮೂರು ಬೇರೆ ಬೇರೆ ವಿಷಯ. ಮಾರುವವರು ಮೂರನ್ನೂ ಕಲಸಿ ಬಡಿಸುತ್ತಾರೆ. ಭೂ ಕಂದಾಯ ಕಾಯ್ದೆಯ 94ಸಿ ಕಲಂ ಅನ್ನುವುದು ಹಳ್ಳಿಗಳಲ್ಲಿ ಸರ್ಕಾರಿ ಜಮೀನಿನಲ್ಲಿ ಮನೆ ಕಟ್ಟಿಕೊಂಡು ವಾಸ ಮಾಡುತ್ತಿರುವವರಿಗೆ. ನಿಮ್ಮಂಥ ರಜೆಯ ಕಾಟೇಜಿಗೆ ಅಲ್ಲ. ನಮೂನೆ 50, 53, 57 ಬಗರ್‌ಹುಕುಂ ಅರ್ಜಿಗಳು, ಅಂದರೆ ಸರ್ಕಾರಿ ಜಮೀನಿನಲ್ಲಿ ಸಾಗುವಳಿ ಮಾಡಿದವರದ್ದು. "57ರಲ್ಲಿ ಅರ್ಜಿ ಹಾಕಿದೀವಿ" ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ, ಆ ಜಾಗ ಇನ್ನೂ ಸರ್ಕಾರದ್ದು ಎಂದು ಅವರೇ ಒಪ್ಪಿಕೊಂಡ ಹಾಗಾಯಿತು. ಇನ್ನು ಪಟ್ಟಣಗಳ ಕಟ್ಟಡ ಉಲ್ಲಂಘನೆಗೆ ತಂದ ಅಕ್ರಮ-ಸಕ್ರಮ ಯೋಜನೆ. ಅದಕ್ಕೆ ಸುಪ್ರೀಂ ಕೋರ್ಟು 2017ರ ಜನವರಿಯಲ್ಲೇ ತಡೆ ಕೊಟ್ಟಿತು. ಈ ಮೂರರಲ್ಲಿ ಯಾವುದೂ ನಿಮ್ಮ ಕಾಟೇಜಿಗೆ ಹೊಂದುವುದಿಲ್ಲ. ನಿಮಗಿರುವುದು 95ನೇ ಕಲಂನ ತೋಟದ ಮನೆ ಮತ್ತು ಪಂಚಾಯಿತಿಯ ಪರವಾನಗಿ, ಅಷ್ಟೇ.

ಜಮೀನಿನ ಹಕ್ಕಿನ ಪರಿಶೀಲನೆ ಎಲ್ಲ ವ್ಯವಹಾರದಲ್ಲೂ ಇರುವಂಥದ್ದು, ನಿಮ್ಮ ವಕೀಲರು ಮಾಡುತ್ತಾರೆ. ಎರಡನ್ನು ಮಾತ್ರ ನೀವೇ ಒತ್ತಿ ಕೇಳಿ. ಒಂದು, ಇದು ಮಂಜೂರಾದ ಜಮೀನಾ? ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಎಷ್ಟು ಕೈ ಬದಲಾಗಿದ್ದರೂ ಆ ಕ್ರಯ ನಿಲ್ಲುವುದಿಲ್ಲ. 2023ರ ತಿದ್ದುಪಡಿಯ ಮೇಲೆ ಮೂಲ ಮಂಜೂರುದಾರರ ಮನೆಯವರು ಅರ್ಜಿ ಹಾಕಲು ಕಾಲಮಿತಿಯೂ ಇಲ್ಲ. ನ್ಯಾಯವಾಗಿ ನೋಡಿದರೆ ಅದು ಆಗಬೇಕಾದದ್ದೇ. ಆ ಜಮೀನು ಯಾರ ಕೈ ತಪ್ಪಿಹೋಗಬಾರದು ಅಂತ ಕೊಟ್ಟಿದ್ದೋ ಅವರ ಹಕ್ಕು ಅದು. ಸಾಗುವಳಿ ಚೀಟಿ (ಜಮೀನು ಮಂಜೂರಾದ ಪತ್ರ) ಇದ್ದರೆ ಪರಭಾರೆ ನಿಷೇಧದ, ಅಂದರೆ ಮಾರಬಾರದೆಂಬ ಅವಧಿ ಮುಗಿದಿದೆಯಾ ಎಂದು ಅದರಲ್ಲೇ ಓದಿ. ಎರಡು, ಪಿತ್ರಾರ್ಜಿತವಾಗಿದ್ದರೆ ವಂಶವೃಕ್ಷದಲ್ಲಿರುವ ಹೆಣ್ಣುಮಕ್ಕಳ ಸಹಿ. ಮದುವೆಯಾಗಿ ಹೋಗಿದ್ದಾರೆ ಅನ್ನುವುದು ಉತ್ತರವಲ್ಲ.

ಕಾಗದ ಬಿಟ್ಟು ಒಂದೆರಡು ಮಾತು. ಕಾಟೇಜಿನ ಹಿಂದೆ ಗುಡ್ಡ ಕಡಿದು ಸಮ ಮಾಡಿದ್ದಾರಾ? ಕಡಿದ ಗೋಡೆ ನೆಟ್ಟಗೆ ನಿಂತಿದೆಯಾ, ನೀರು ಹೋಗಲು ಚರಂಡಿ ಇದೆಯಾ? 2018ರ ಆಗಸ್ಟಿನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದಾಗ ಏನಾಯಿತು ಅನ್ನುವುದು ನಿಮಗೂ ಗೊತ್ತು. ಪರವಾನಗಿ ಇಲ್ಲದ ಕಟ್ಟಡ ಅಂದರೆ ಆ ಇಳಿಜಾರನ್ನು ಯಾವ ಎಂಜಿನಿಯರೂ ನೋಡಿಲ್ಲ ಅಂತಲೂ ಅರ್ಥ ಮಾಡಿಕೊಳ್ಳಬಹುದು. ಜುಲೈನಲ್ಲಿ ಒಮ್ಮೆ ಹೋಗಿ ನೋಡಿ. ಡಿಸೆಂಬರಿನಲ್ಲಿ ಯಾವ ಕಾಟೇಜೂ ಚೆಂದವೇ. ಆನೆ ಬರುತ್ತದಾ ಅಂತಲೂ ಕೇಳಿ, ಆದರೆ ಮಾರುವವರನ್ನು ಕೇಳಬೇಡಿ, ಪಕ್ಕದ ತೋಟದ ಕೂಲಿಯವರನ್ನು ಕೇಳಿ. ಸಕಲೇಶಪುರ, ಆಲೂರು ಕಡೆ ಅದು ಸಣ್ಣ ವಿಷಯವಲ್ಲ.

ಉಳಿದದ್ದು ದುಡ್ಡು. 18 ಲಕ್ಷವನ್ನು ನಗದಿನಲ್ಲಿ ಕೊಟ್ಟು, ಕ್ರಯಪತ್ರದಲ್ಲಿ ಬರೀ ಜಮೀನು ತೋರಿಸೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ನೋಂದಣಿ ಖರ್ಚು ಉಳಿಯುವುದು ನಿಜ. 2025ರ ಆಗಸ್ಟ್ ಕೊನೆಯಲ್ಲಿ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ, ಸೆಸ್ಸು, ಸರ್ಚಾರ್ಜು ಸೇರಿ ಹಳ್ಳಿಯ ಆಸ್ತಿಗೆ ಸುಮಾರು ಶೇ 7.65 ಆಗುತ್ತದೆ. 18 ಲಕ್ಷಕ್ಕೆ 1.38 ಲಕ್ಷದಷ್ಟು. ಅದನ್ನು ಉಳಿಸಲು ಹೋಗಬೇಡಿ. ಸ್ಥಿರಾಸ್ತಿಗೆ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಪತ್ರದಲ್ಲಿ ಕಾಟೇಜಿನ ಹೆಸರೇ ಇಲ್ಲದಿದ್ದರೆ ನಾಳೆ ನೋಟಿಸು ಬಂದಾಗ ಅದನ್ನು ಕಟ್ಟಿದವರು ನೀವೇ ಅನ್ನಿಸಿಕೊಳ್ಳುತ್ತೀರಿ. ಕಟ್ಟಡದ ಅಳತೆ, ಕಟ್ಟಿದ ವರ್ಷ, ಕಟ್ಟಿದವರು ಯಾರು, ಎಲ್ಲ ಬರೆಸಿ.

ನನ್ನ ಲೆಕ್ಕ ಹೀಗೆ. ಕಾಟೇಜಿನ ಬೆಲೆ ಸೊನ್ನೆ ಎಂದು ಹಿಡಿದು, ಆ ತೋಟ ಆ ದರಕ್ಕೆ ನಿಮಗೆ ಬೇಕೇ ನೋಡಿ. ಬೇಡ ಅನ್ನಿಸಿದರೆ ಇಲ್ಲಿಗೇ ಬಿಡಿ. ಬೇಕು ಅಂದರೆ ಸಣ್ಣ ಮುಂಗಡ ಕೊಟ್ಟು ಕ್ರಯದ ಕರಾರು ಮಾಡಿಕೊಳ್ಳಿ. ಹದ್ದುಬಸ್ತು ಆಗಿ ಕಾಟೇಜು ಪೂರ್ತಿ ಪಟ್ಟಾ ಜಮೀನಿನೊಳಗೆ ಬಂದರೆ ಮಾತ್ರ ಕ್ರಯ, ಒಂದಡಿ ಹೊರಗೆ ಹೋದರೂ ಮುಂಗಡ ವಾಪಸ್ಸು ಎಂದು ಬರೆಸಿ. ಪಂಚಾಯಿತಿ ಪರವಾನಗಿ ಮಾರುವವರು ಮಾಡಿಸಿಕೊಟ್ಟರೆ ಕಾಟೇಜಿಗೆ ಒಂದು ಬೆಲೆ, ಮಾಡಿಸದಿದ್ದರೆ ಅದರ ಸಾಮಾನಿನ ಬೆಲೆ. ಹಳೆಯ ಉಲ್ಲಂಘನೆಯ ದಂಡ ಬಂದರೆ ಮಾರಿದವರೇ ಭರಿಸಬೇಕು ಅನ್ನುವ ಷರತ್ತೂ ಇರಲಿ. ಆದರೆ ದುಡ್ಡು ಪೂರ್ತಿ ಕೊಟ್ಟ ಮೇಲೆ ಆ ಷರತ್ತನ್ನು ವಸೂಲಿ ಮಾಡಲು ಕೋರ್ಟಿಗೆ ಅಲೆಯಬೇಕಾಗುತ್ತದೆ. ಅದರ ಬದಲು ಒಂದಷ್ಟು ಹಣವನ್ನು ನಿಮ್ಮ ಹತ್ತಿರವೇ ಉಳಿಸಿಕೊಂಡು, ಪರವಾನಗಿ ಕೈಗೆ ಬಂದ ದಿನ ಕೊಡುವ ಹಾಗೆ ಮಾಡಿ. ಈ ಮಾತಿಗೆ ಮಾರುವವರು ಮುಖ ಸಿಂಡರಿಸಿದರೆ, "ಆಮೇಲೆ ಸಕ್ರಮ ಮಾಡಿಸ್ಕೊಳ್ಳಿ" ಅನ್ನುವುದನ್ನು ಅವರೇ ನಂಬಿಲ್ಲ ಅಂತ ಲೆಕ್ಕ.